ನಲ್ಲಿಕಟ್ಟೆಯ ತಮಿಳು

ನಮ್ಮ ಮೊಮ್ಮಗಳ ಮದುವೆ ಗಟ್ಟಿಯಾಯಿತು! ಹುಡುಗನ ಪಾಟಿ, ಅಂದರೆ ಅವನ ಅಜ್ಜಿ, ಭದ್ರಾವತಿಯ ನಮ್ಮ ಮನೆಯಲ್ಲಿ ಬಾಳೆಲೆಯ ಮುಂದೆ ಕೂತು ಒಪ್ಪಿಕೊಂಡರು. ಈ ಸುದ್ದಿಯನ್ನು ಹಾಲಿನವನಿಗೆ ಹೇಳಿದ್ದೇನೆ, ಹೂವಿನವಳಿಗೆ ಹೇಳಿದ್ದೇನೆ, ಕರೆಂಟಿನ ಮೀಟರ್ ನೋಡಲು ಬಂದವನನ್ನೂ ನಿಲ್ಲಿಸಿ ಕೈಗೆ ಸಕ್ಕರೆ ಹಾಕಿ ಹೇಳಿದ್ದೇನೆ. ಹೇಳಿದಷ್ಟೂ ಇನ್ನೊಬ್ಬರಿಗೆ ಹೇಳೋಣ ಅನ್ನಿಸುತ್ತದೆ.

"ಇನ್ನು ದೇವ್ರಿಗೊಬ್ಬನಿಗೆ ಹೇಳೋದು ಬಾಕಿ ನೋಡು ಮಾರಾಯ್ತಿ" ಎಂದು ನಮ್ಮನೆಯವರು ನಗುತ್ತಾರೆ. ದೇವರಿಗೆ ಎಲ್ಲರಿಗಿಂತ ಮೊದಲೇ ಹೇಳಿಯಾಗಿದೆ. ಅದು ಅವರಿಗೆ ಗೊತ್ತಿಲ್ಲ ಅಷ್ಟೆ.

ನಮ್ಮ ಮೊಮ್ಮಗಳು ದನದ ಡಾಕ್ಟರು. ಹೊಳೆಹೊನ್ನೂರಿನ ಕಡೆ ಯಾರ ಮನೆಯ ಎಮ್ಮೆ ಕರು ಹಾಕಲು ಕಷ್ಟಪಟ್ಟರೂ ಇವಳಿಗೇ ಫೋನು. ಹುಡುಗನೂ ದನದ ಡಾಕ್ಟರೇ. ಮದ್ರಾಸಿನವನು. ಶಿವಮೊಗ್ಗಕ್ಕೆ ಓದಲು ಬಂದವನು ಇಲ್ಲಿಯೇ ಕೆಲಸ ಹಿಡಿದು ಉಳಿದುಕೊಂಡ. ಮೊದಲ ಸಲ ನಮ್ಮ ಮನೆಗೆ ಬಂದಾಗ ಗೇಟಿನ ಮುಂದೆ ನಿಂತಿದ್ದ ಪಕ್ಕದ ಮನೆಯ ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡಿ, ಆಮೇಲೆ ಒಳಗೆ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದ. ಹಸುವನ್ನು ಕಂಡು ನಿಲ್ಲುವವನು ಹೆಂಡತಿಯನ್ನು ಬಿಟ್ಟು ಹೋಗುವುದಿಲ್ಲ ಎಂದು ನಾನು ಆವತ್ತೇ ಮನಸ್ಸಿನಲ್ಲಿ ಹೂಂ ಅಂದುಬಿಟ್ಟೆ.

ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ್ದರು. ಅವನ ಅಪ್ಪ ಅಮ್ಮನೂ ಫೋನಿನಲ್ಲಿ ಒಪ್ಪಿದ್ದರು. ಆದರೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವರು ಪಾಟಿ. ಅವರು ಮಾತ್ರ ಒಂದು ಮಾತು ಅಂದಿದ್ದರಂತೆ: "ಹುಡುಗಿ ಒಳ್ಳೆಯವಳೇ ಇರಬಹುದಪ್ಪ. ಆದರೆ ಭಾಷೆ ಬಾರದ ಬೀಗರ ಮನೆಗೆ ಹೋಗಿ ನಾನು ಗೊಂಬೆಯ ಹಾಗೆ ಕೂತು ಬರಲಾ? ನನಗೆ ಬಾಯಿ ತುಂಬ ಮಾತಾಡುವ ಸಂಬಂಧ ಬೇಕು." ಅವರು ಬೇಡ ಅಂದರೆ ಹುಡುಗ ಮುಂದೆ ಹೆಜ್ಜೆ ಇಡುವವನಲ್ಲ.

ಮೊಮ್ಮಗಳು ನನ್ನ ಹತ್ತಿರ ಮಾತ್ರ ಬಾಯಿ ಬಿಟ್ಟಿದ್ದಳು. "ಅಜ್ಜಿ, ಅವ್ರು ಬೇಡ ಅಂದ್ರೆ ನಾನು ಹಟ ಮಾಡಲ್ಲ, ಅಳೋದೂ ಇಲ್ಲ. ಆದ್ರೆ ನೀನು ಬೇರೆ ಹುಡುಗನ್ನ ಮಾತ್ರ ತೋರಿಸ್ಬೇಡ, ಆಯ್ತಾ?" ಇಷ್ಟು ಹೇಳಿ ಎದ್ದು ಹೋಗಿ, ಒಣಗಿದ್ದ ಬಟ್ಟೆಯನ್ನೇ ಮತ್ತೊಂದು ಸಲ ನೀರಿಗೆ ಹಾಕಿ ಹಿಂಡತೊಡಗಿದಳು.

ನಾಲ್ಕು ದಿನ ಇದ್ದು ಹೋಗಲೆಂದು ಪಾಟಿ ಶಿವಮೊಗ್ಗಕ್ಕೆ, ಮೊಮ್ಮಗನ ಬಾಡಿಗೆ ಮನೆಗೆ ಬಂದರು. ಹೆಣ್ಣು ನೋಡುವ ಶಾಸ್ತ್ರವೆಲ್ಲ ಬೇಡ, ಒಂದು ದಿನ ಆರಾಮಾಗಿ ಊರು ನೋಡುತ್ತೇನೆ, ಅಷ್ಟು ಸಾಕು ಅಂದರಂತೆ. ಹುಡುಗನಿಗೆ ಆ ದಿನ ಡ್ಯೂಟಿ. ಮೊಮ್ಮಗಳು ಕಾರು ಓಡಿಸುವುದು, ನಾವು ಗಂಡ ಹೆಂಡತಿ ಜೊತೆಗಿರುವುದು, ಸಂಜೆ ನಮ್ಮ ಮನೆಯಲ್ಲಿ ಎಲ್ಲರ ಊಟ ಎಂದು ತೀರ್ಮಾನವಾಯಿತು.

"ಭಾಷೆ ಚಿಂತೆ ಬಿಡು, ನಂಗೆ ತಮಿಳು ಬರುತ್ತೆ" ಎಂದು ಮೊಮ್ಮಗಳಿಗೆ ಧೈರ್ಯ ಹೇಳಿದೆ. ಸುಳ್ಳೇನಲ್ಲ. ಮದುವೆಯಾಗಿ ಭದ್ರಾವತಿಯ ನ್ಯೂ ಟೌನಿಗೆ ಬಂದಾಗ ನಮ್ಮ ಸಾಲಿನ ಮನೆಗಳಿಗೆಲ್ಲ ಸೇರಿ ಒಂದೇ ನಲ್ಲಿ. ಅಕ್ಕಪಕ್ಕ ಕಾರ್ಖಾನೆ ಕೆಲಸಕ್ಕೆ ಬಂದ ತಮಿಳಿನವರೇ ಹೆಚ್ಚು. ನಾನು ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸು, ತಮಿಳು ಓದಿದ್ದು ಆ ನಲ್ಲಿಕಟ್ಟೆಯಲ್ಲಿ. ಕೊಡ ಸಾಲಿಗಿಟ್ಟು ಕಾಯುತ್ತಾ, ಒಬ್ಬರ ಕೊಡವನ್ನು ಒಬ್ಬರು ಹಿಂದಕ್ಕೆ ತಳ್ಳುತ್ತಾ ಕಲಿತ ಭಾಷೆ ಅದು.

ನಮ್ಮನೆಯವರ ತಮಿಳು ಇನ್ನೊಂದು ಬಗೆ. "ಕನ್ನಡದ ಹ ತೆಗೆದು ಪ ಹಾಕು, ತಮಿಳಾಯ್ತು" ಎನ್ನುತ್ತಾರೆ. ಹಾಲು ಪಾಲು, ಹುಲಿ ಪುಲಿ, ಹಲ್ಲು ಪಲ್ಲು. ಈ ಒಂದು ಸೂತ್ರದಲ್ಲಿ ಅವರು ಕಾರ್ಖಾನೆಯ ನೌಕರಿಯನ್ನೆಲ್ಲ ಮುಗಿಸಿ ರಿಟೈರೂ ಆದರು.

ಬೆಳಿಗ್ಗೆ ಹುಡುಗನ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಪಾಟಿ ತಯಾರಾಗಿ ನಿಂತಿದ್ದರು. ಎಲೆಹಸಿರು ಸೀರೆ, ಮೂಗಿನ ಎರಡೂ ಕಡೆ ಹರಳಿನ ಮೂಗುಬೊಟ್ಟು, ನೋಟ ಒಂದಿಷ್ಟು ಬಿಗಿ. ನಾನು ಇಳಿದು ಬಾಗಿಲು ತೆಗೆದು, "ವಾ, ವಾ! ಉಕ್ಕಾರು!" ಎಂದೆ. ಬನ್ನಿ, ಕೂತುಕೊಳ್ಳಿ ಎಂದು ನನ್ನ ಲೆಕ್ಕ. ಪಾಟಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಹತ್ತಿ ಕೂತರು. ನನ್ನ ತಮಿಳಿಗೆ ಬೆರಗಾಗಿದ್ದಾರೆ ಎಂದುಕೊಂಡು ನಾನು ಒಳಗೊಳಗೇ ಉಬ್ಬಿದೆ. ಕನ್ನಡಿಯಲ್ಲಿ ಮೊಮ್ಮಗಳು ಕಣ್ಣಿನಲ್ಲಿ ಏನೋ ಸನ್ನೆ ಮಾಡಿದಳು. ಮೆಚ್ಚಿಗೆಯೇ ಇರಬೇಕು ಅಂದುಕೊಂಡೆ.

ಮೊದಲು ತಿಂಡಿಗೆ ಹೋಟೆಲಿಗೆ ಹೋದೆವು. ಪಾಟಿ ಇಡ್ಲಿಯ ಒಂದು ತುಂಡನ್ನು ಸಾಂಬಾರಿನಲ್ಲಿ ಅದ್ದಿ ಬಾಯಿಗಿಟ್ಟು ಅಗಿಯುವುದನ್ನೇ ನಿಲ್ಲಿಸಿದರು. ಏನೋ ಕೇಳಿದರು. ಮೊಮ್ಮಗಳು ನಗು ತಡೆದುಕೊಂಡು ಹೇಳಿದಳು: "ಇಲ್ಲಿ ಇಡ್ಲಿನ ಪಾಯಸದಲ್ಲಿ ಮುಳುಗಿಸಿ ಕೊಡ್ತಾರಾ ಅಂತ ಕೇಳ್ತಿದಾರೆ." ಅವಳು ಹುಡುಗನಿಂದ ತಮಿಳು ಕಲಿತಿದ್ದಳು. ಆದರೆ ಅದು ನೆಟ್ಟಗೆ ಮಡಿಸಿಟ್ಟ ಬಟ್ಟೆಯಂಥ ತಮಿಳು, ಮೆಲ್ಲಗೆ, ಹುಡುಕಿ ಹುಡುಕಿ ಆಡುವಂಥದ್ದು.

ಬೆಲ್ಲ ಹಾಕದ ಸಾಂಬಾರೂ ಒಂದು ಸಾಂಬಾರೇ? ನಾನು ಬಟ್ಟಲನ್ನು ಅವರ ಕಡೆಗೆ ಸರಿಸಿ, "ಸುಮ್ಮ ಸಾಪ್ಡು!" ಎಂದೆ. ಸುಮ್ಮನೆ ತಿನ್ನಿ ಅಂತ. ಪಾಟಿ ಮತ್ತೆ ನನ್ನನ್ನು ನೋಡಿದರು. ಆಮೇಲೆ ಇಡ್ಲಿಯನ್ನೆಲ್ಲ ಮುಗಿಸಿ ಬಟ್ಟಲನ್ನೂ ಬಳಿದರು.

ಅಲ್ಲಿಂದ ಗಾಂಧಿ ಬಜಾರು. ಯಾವ ಅವಸರವೂ ಇರಲಿಲ್ಲ. ಪಾಟಿ ಪ್ರತಿ ಅಂಗಡಿಯ ಮುಂದೆಯೂ ನಿಲ್ಲುವವರು. ಹಿತ್ತಾಳೆ ಚೊಂಬನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಒಣಮೆಣಸಿನಕಾಯಿಯನ್ನು ಮುರಿದು ಮೂಸಿದರು. ಮದ್ರಾಸಿನ ಬಜಾರಿನಲ್ಲಿ ಒಮ್ಮೆ ಕೈ ಬಿಟ್ಟರೆ ಮನುಷ್ಯರು ಮುಂದಿನ ಪೊಂಗಲ್‌ಗೇ ಸಿಗುವುದಂತೆ. ಇಲ್ಲಿ ಅಂಗಡಿಯವನು ಕೂರಲು ಸ್ಟೂಲು ಕೊಡುತ್ತಾನಲ್ಲ ಎಂದು ಅವರಿಗೆ ಆಶ್ಚರ್ಯ. ಹೂವಿನವಳು ಮಲ್ಲಿಗೆಯನ್ನು ಮೊಳ ಹಾಕತೊಡಗಿದಾಗ ಮಾತ್ರ ಪಾಟಿ ಅವಳ ಮೊಳಕೈಯನ್ನೇ ಹಿಡಿದುಕೊಂಡರು. "ಇದು ಚಿಕ್ಕ ಕೈ, ನನ್ನ ಕೈಯಲ್ಲಿ ಅಳೆ" ಎಂದು ತಮ್ಮ ಕೈಯನ್ನೇ ಚಾಚಿದರು.

ಹೂವಿನವಳು ಬಿಡುತ್ತಾಳೆಯೇ? "ಅಮ್ಮಾ, ನಿಮ್ ಕೈ ಅಳತೆಗೆ ಕೊಟ್ರೆ ನನ್ ಬುಟ್ಟಿನೇ ಖಾಲಿ!"

ನಾವೆಲ್ಲ ನಗುತ್ತಾ ನಿಂತಿದ್ದೆವು. ಅಷ್ಟರಲ್ಲಿ ಮೂಟೆ ತುಂಬಿದ ಗಾಡಿಯೊಂದು ಹಿಂದಕ್ಕೆ ಬರುತ್ತಾ ಬರುತ್ತಾ ಪಾಟಿಯ ಬೆನ್ನಿಗೇ ಬಂತು. "ಏಯ್, ತಳ್ಳಿ ಪೋ! ಕಣ್ ತೆರಿಯಲಿಯಾ?" ಎಂದು ಕಿರುಚಿ, ಅವರ ರಟ್ಟೆ ಹಿಡಿದು ಎಳೆದುಬಿಟ್ಟೆ. ಗಾಡಿ ನಿಂತಿತು. ಹೂವಿನವಳೂ ಹಿತ್ತಾಳೆಯ ಅಂಗಡಿಯವನೂ ನಮ್ಮನ್ನೇ ನೋಡುತ್ತಿದ್ದರು. ಪಾಟಿ ಸೆರಗು ಸರಿಮಾಡಿಕೊಂಡು ಹೂ ಮುಡಿದುಕೊಂಡರು.

ಮೊಮ್ಮಗಳು ನನ್ನನ್ನು ಅಂಗಡಿಯ ಪಕ್ಕಕ್ಕೆ ಎಳೆದಳು. "ಅಜ್ಜೀ! ಬೆಳಿಗ್ಗೆಯಿಂದ ನೀನು ಅವ್ರಿಗೆ ಏಕವಚನದಲ್ಲಿ ಮಾತಾಡ್ತಾ ಇದೀಯ!"

"ಹಂಗಂದ್ರೆ?"

"ವಾ ಅಂದ್ರೆ ಬಾ. ಬನ್ನಿ ಅನ್ನೋಕೆ ವಾಂಗ ಅನ್ಬೇಕು. ಸಾಪ್ಡು ಅಂದ್ರೆ ತಿನ್ನು ಅಂತ. ಈಗ ನಡುಬೀದೀಲಿ ಏನಂದೆ ಗೊತ್ತಾ? 'ಆ ಕಡೆ ಹೋಗು, ಕಣ್ಣು ಕಾಣಲ್ವಾ' ಅಂದೆ! ಬೆಳಿಗ್ಗೇನೇ ಹೇಳೋಣ ಅಂದ್ರೆ ಅವ್ರ ಮುಂದೆ ಹೆಂಗೆ ಹೇಳ್ಲಿ?"

ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಮಿಳಿನಲ್ಲಿ ಬಹುವಚನ ಒಂದು ಇದೆ ಎಂಬುದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಹೇಗೆ ತಿಳಿಯಬೇಕು? ನಮ್ಮ ನಲ್ಲಿಕಟ್ಟೆಯಲ್ಲಿ ಯಾರೂ ಯಾರಿಗೂ ಒಂದು ದಿನವೂ ಬಹುವಚನ ಬಳಸಿದ್ದಿಲ್ಲ. ಮದ್ರಾಸಿನಿಂದ ಬಂದ ಹಿರಿಯರನ್ನು, ಬೀಗರಾಗಬೇಕಾದವರನ್ನು, ನಾನು ಕೊಡದ ಜಗಳದ ಭಾಷೆಯಲ್ಲಿ ಊರು ಸುತ್ತಿಸುತ್ತಿದ್ದೆನಲ್ಲ!

ಸರಿ, ತಿದ್ದಿಕೊಳ್ಳೋಣ ಎಂದು, ಆಮೇಲೆ ಆಡಿದ ಮಾತಿಗೆಲ್ಲ 'ಅಂಗ' ಎನ್ನುವ ಬಾಲ ಅಂಟಿಸತೊಡಗಿದೆ. "ವಾಂಗ, ಉಕ್ಕಾರುಂಗ" ಎನ್ನುವವರೆಗೆ ಸರಿಯಾಗಿತ್ತು. ತುಂಗೆಯ ಸೇತುವೆ ದಾಟುವ ಮೊದಲು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಲು ಹೇಳಿ, ಪಾಟಿಗೆ ಕೈ ಮುಗಿದು, "ಎಳನೀರುಂಗ?" ಎಂದು ಕೇಳಿದೆ.

"ಎಳನೀರಿಗೂ ಮರ್ಯಾದೆ ಕೊಟ್ಯಲ್ಲ ಮಾರಾಯ್ತಿ!" ಎಂದು ನಮ್ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಟಿ ನಗಲಿಲ್ಲ. ಎಳನೀರು ಕುಡಿದು, ಕಿಟಕಿಯ ಕಡೆ ಮುಖ ಮಾಡಿದರು. ನಾನು ಅಲ್ಲಿಗೆ ಬಾಯಿಗೆ ಬೀಗ ಹಾಕಿದೆ. ಆಡಿದರೆ ತಪ್ಪಾಗುತ್ತದೆ, ಸುಮ್ಮನಿದ್ದರೆ ತಪ್ಪಾಗುವುದಿಲ್ಲವಲ್ಲ.

ಗಾಜನೂರು ಅಣೆಕಟ್ಟಿನ ದಾರಿಯುದ್ದಕ್ಕೂ ಮಾತೆಲ್ಲ ನಮ್ಮನೆಯವರದೇ. ಗದ್ದೆಗಳ ಆಚೆ ಹೆಂಚಿನ ಮನೆಗಳು ಕಂಡಲ್ಲಿ, "ಅದು ನಮ್ ಸೋದರಮಾವನ ಪಳ್ಳಿ" ಎಂದು ಕೈ ತೋರಿಸಿದರು. ಹಳ್ಳಿ, ಪಳ್ಳಿ; ಅದೇ ಸೂತ್ರ. ಪಾಟಿ ಕತ್ತು ಉದ್ದ ಮಾಡಿ ನೋಡಿದರು, ಎಲ್ಲಿ ಎಂದು ಕೇಳಿದರು, ಇವರು ಮತ್ತೆ ತೋರಿಸಿದರು, ಅವರು ಮತ್ತೆ ಹುಡುಕಿದರು. ಕೊನೆಗೆ ಮೊಮ್ಮಗಳು ಸ್ಟಿಯರಿಂಗ್ ಮೇಲೆ ಹಣೆ ಇಡುವುದೊಂದು ಬಾಕಿ. "ತಾತ, ತಮಿಳಲ್ಲಿ ಪಳ್ಳಿ ಅಂದ್ರೆ ಸ್ಕೂಲು! ಪಾಪ, ಅವ್ರು ಆಗಿಂದ ಗದ್ದೆ ಒಳಗೆ ಸ್ಕೂಲು ಹುಡುಕ್ತಿದಾರೆ!"

ಬೇರೆ ದಿನವಾಗಿದ್ದರೆ ನಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ಗಾಜನೂರಿನಲ್ಲಿ ಹಿನ್ನೀರಿನ ದಡದ ಮರದ ಕೆಳಗೆ ಜಮಖಾನ ಹಾಸಿ, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆವು. ಪಾಟಿ ನೀರನ್ನೇ ನೋಡುತ್ತಾ ಕೂತಿದ್ದರು. "ಇದೆಲ್ಲ ಕುಡಿಯೋ ನೀರಾ?" ಎಂದು ಮೊಮ್ಮಗಳನ್ನು ಕೇಳಿದರು. ಹೌದೆಂದಾಗ, "ಇಷ್ಟು ನೀರನ್ನ ಯಾರ ಕಾವಲೂ ಇಲ್ಲದೆ ಬಿಟ್ಟಿದ್ದೀರಲ್ಲ" ಎಂದರು. ನೀರಿನ ಮೇಲೆ ಬಿಳಿ ಹಕ್ಕಿಗಳು ಸಾಲಾಗಿ ಹೋದವು. ಮೊಮ್ಮಗಳು ಅವರಿಗೆ ಬಾಳೆಹಣ್ಣು ಸುಲಿದು ಕೊಟ್ಟಳು. ಅವರು ಅರ್ಧ ಮುರಿದು ಅವಳ ಕೈಗೇ ಇಟ್ಟರು. ನನಗೆ ಒಂದು ಚೂರು ಆಸೆ ಚಿಗುರಿತು.

ಆಗ ಅವರ ಫೋನು ಹೊಡೆದುಕೊಂಡಿತು. ಮೊಮ್ಮಗನದು. ಪಾಟಿ ಎದ್ದು ಮರದ ಆಚೆಗೆ ಹೋಗಿ ದನಿ ತಗ್ಗಿಸಿ ಮಾತಾಡಿದರು. ನಾನು ಕೇಳಬಾರದೆಂದೇ ಡಬ್ಬಿ ತೊಳೆಯಲು ಕೂತೆ. ಕಿವಿಗೆ ರೆಪ್ಪೆ ಇಲ್ಲವಲ್ಲ! ಒಂದೇ ಒಂದು ಮಾತು ಬಂದು ಬಿತ್ತು: "ಪಿಡಿಕ್ಕಲೆ."

ನಮ್ಮನೆಯವರ ಸೂತ್ರ ತಾನಾಗಿಯೇ ತಲೆಯಲ್ಲಿ ತಿರುಗಿತು. ಪ ತೆಗೆದು ಹ ಹಾಕಿದೆ. ಹಿಡಿಸಲಿಲ್ಲ. ಪಾಟಿಗೆ ಹಿಡಿಸಲಿಲ್ಲ. ಆ ಸೂತ್ರ ಪಳ್ಳಿಗೆ ಸುಳ್ಳಾದ ಹಾಗೆ ಇದೊಂದಕ್ಕೂ ಸುಳ್ಳಾಗಲಿ ದೇವರೇ ಎಂದು ಬೇಡಿಕೊಂಡೆ. ಮೊಮ್ಮಗಳು ಅಲ್ಲಿ ದಡದಲ್ಲಿ ನಿಂತು, ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುತ್ತಾ, ತಾತನ ಜೊತೆ ಪಂದ್ಯ ಕಟ್ಟಿ ನಗುತ್ತಿದ್ದಳು. ಅವಳಿಗೆ ಹೇಗೆ ಹೇಳಲಿ? ತೊಳೆದ ಡಬ್ಬಿಯನ್ನೇ ಮತ್ತೆ ತೊಳೆದೆ. ಒಣಗಿದ ಬಟ್ಟೆಯನ್ನು ಅವಳು ಆವತ್ತು ಯಾಕೆ ಹಿಂಡಿದಳೆಂದು ಆಗ ಅರ್ಥವಾಯಿತು.

ಭದ್ರಾವತಿಗೆ ಬರುವಾಗ ಬಿಸಿಲು ಇಳಿದಿತ್ತು. ಮನೆಯಲ್ಲಿ ಮಗ ಎಲೆ ಒರೆಸುತ್ತಿದ್ದ, ಸೊಸೆ ಒಲೆಯ ಮುಂದಿದ್ದಳು. ಸಾಂಬಾರಿಗೆ ಬೆಲ್ಲ ಹಾಕಬೇಡ ಎಂದು ಬೆಳಿಗ್ಗೆಯೇ ಅವಳಿಗೆ ಫೋನ್ ಮಾಡಿಸಿದ್ದೆ. ಇನ್ನು ಬೆಲ್ಲ ಹಾಕಿದರೆಷ್ಟು ಬಿಟ್ಟರೆಷ್ಟು ಅನ್ನಿಸಿತು. ಪಾಟಿಯನ್ನು ಮೊಮ್ಮಗಳ ಜೊತೆ ಕಾಲು ತೊಳೆಯಲು ಹಿತ್ತಲಿಗೆ ಕಳಿಸಿ, ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ.

ನಮ್ಮಲ್ಲಿ ಈಗಲೂ ದಿನ ಬಿಟ್ಟು ದಿನ ಸಂಜೆ ನೀರು ಬಿಡುತ್ತಾರೆ. ನಲ್ಲಿ ಮೊದಲು ಬುಸ್ ಬುಸ್ ಎಂದು ಗಾಳಿ ಬಿಡುತ್ತದೆ. ಆ ಸದ್ದು ಕೇಳಿದರೆ ನನ್ನ ಕಾಲು ನನ್ನನ್ನು ಕೇಳುವುದಿಲ್ಲ. ಎಷ್ಟು ವರ್ಷದ ಅಭ್ಯಾಸ! ದುಃಖ ಬೇರೆ, ನೀರು ಬೇರೆ. ಸೊಂಟಕ್ಕೆ ಕೊಡ ಇಟ್ಟುಕೊಂಡು ಹಿತ್ತಲಿಗೆ ಓಡಿದೆ. ನೋಡಿದರೆ, ನಲ್ಲಿಯ ಕೆಳಗೆ ಆಗಲೇ ಒಂದು ಕೊಡ ಕೂತಿದೆ! ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಯಾರೋ ಅದರ ಬಾಯಿಗೆ ನಲ್ಲಿಯನ್ನು ಸರಿಮಾಡುತ್ತಿದ್ದಾರೆ.

"ಏಯ್, ತಳ್ಳಿ ಪೋ! ನಾನ್‌ದಾನ್ ಮೊದಲ್ಲ ವಂದೇನ್!" ನಾನೇ ಮೊದಲು ಬಂದದ್ದು ಎಂದು ಕೂಗಿಬಿಟ್ಟೆ.

"ಪೋಡೀ! ಎನ್ ಕೊಡಂ ಮೊದಲ್ಲ!" ಹೋಗೇ, ನನ್ನ ಕೊಡವೇ ಮೊದಲು ಎಂದು ಅಲ್ಲಿಂದ ಉತ್ತರ ಬಂತು. ತಿರುಗಿ ನೋಡದೆ, ಮೊಳಕೈಯಿಂದ ನನ್ನ ಕೊಡವನ್ನು ಹಿಂದಕ್ಕೆ ತಳ್ಳಿಯೂ ಆಯಿತು.

ಆಮೇಲೆ ಇಬ್ಬರೂ ಒಟ್ಟಿಗೆ ತಿರುಗಿದೆವು. ಪಾಟಿ! ಅವರ ಬಾಯಿ ತೆರೆದೇ ಇತ್ತು, ನನ್ನದೂ ತೆರೆದೇ ಇತ್ತು. ಕೊಡ ತುಂಬಿ ನೀರು ಹರಿದು ನಮ್ಮ ನಾಲ್ಕೂ ಕಾಲನ್ನು ತೊಳೆಯಿತು. ಮೊದಲು ನಕ್ಕವರು ಅವರೇ. ಆ ನಗು ನೋಡಬೇಕಿತ್ತು ನೀವು! ಬಿಗಿಯಾದ ಆ ಮುಖದೊಳಗೆ ಅಷ್ಟೊಂದು ನಗುವನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ. ನಲ್ಲಿಯ ಕಟ್ಟೆ ಹಿಡಿದುಕೊಂಡು, ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕು, ಹಾಗೆಯೇ ಕಲ್ಲಿನ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಅವರು ಮಾತು ಶುರು ಮಾಡಿದರು. ಮೊಮ್ಮಗಳು ಟವೆಲ್ ಹಿಡಿದು ನಿಂತಲ್ಲಿಂದಲೇ ಕನ್ನಡ ಮಾಡಿ ಹೇಳುತ್ತಾ ಹೋದಳು.

ಅವರ ಬೀದಿಗೆ ನೀರು ಲಾರಿಯಲ್ಲಿ ಬರುತ್ತಿತ್ತಂತೆ. ಮದುವೆಯಾಗಿ ಬಂದಾಗಿನಿಂದ ಪ್ಲಾಸ್ಟಿಕ್ ಕೊಡದ ಸಾಲಿನಲ್ಲಿ ನಿಂತು ಜಗಳಾಡಿ ಮಕ್ಕಳನ್ನು ಸಾಕಿದವರಂತೆ. ಈಗ ಎತ್ತರದ ಫ್ಲಾಟಿನಲ್ಲಿ ಗೋಡೆಯೊಳಗೇ ನೀರು ಬರುತ್ತದೆ. ಆದರೆ ಜಗಳಕ್ಕೆ ಜನವಿಲ್ಲ. ಮಗ, ಸೊಸೆ, ಪಕ್ಕದ ಮನೆಯವರು, ಎಲ್ಲರೂ ವಾಂಗ, ಪೋಂಗ ಎನ್ನುವವರೇ.

"ಗಂಡ ಹೋದ ಮೇಲೆ, ಅಕ್ಕನೂ ಹೋದ ಮೇಲೆ, ನನ್ನನ್ನ 'ನೀ' ಅನ್ನೋರು ಒಬ್ರೂ ಉಳಿದಿರಲಿಲ್ಲ. ಬೆಳಿಗ್ಗೆ ಇವಳು ಬಾಗಿಲು ತೆಗೆದು 'ವಾ, ಉಕ್ಕಾರು' ಅಂದಾಗ ನನ್ನ ಅಕ್ಕನೇ ಕರೆದ ಹಾಗಾಯ್ತು. ಆ ಸಿಹಿ ಸಾಂಬಾರನ್ನೂ ಇವಳ ಮಾತಿಗೇ ತಿಂದೆ. ಬಜಾರಿನಿಂದ ಹೊರಟ ಮೇಲೆ ಏನಾಯ್ತೋ, ವಾಂಗ ಅಂತ ಶುರು ಮಾಡಿದಳು. ಆಮೇಲೆ ಬಾಯೇ ಬಿಡಲಿಲ್ಲ. ಇವಳಿಗೆ ನಾನು ಹಿಡಿಸಲಿಲ್ಲ ಅಂತ ಮೊಮ್ಮಗನಿಗೂ ಫೋನಿನಲ್ಲಿ ಹೇಳಿಬಿಟ್ಟೆ."

ಹಾಗಾದರೆ ಆ ಹಿಡಿಸಲಿಲ್ಲ, ನಾನು ಕೇಳಿದ ಆ ಪಿಡಿಕ್ಕಲೆ, ನನ್ನದು! ನನಗೆ ಅವರು ಹಿಡಿಸಲಿಲ್ಲವೆಂದು ಅವರು, ಅವರಿಗೆ ನಾವು ಹಿಡಿಸಲಿಲ್ಲವೆಂದು ನಾನು, ಒಂದೇ ಮರದ ಆಚೆ ಈಚೆ ಕೂತು ಕೊರಗಿದ್ದೆವು. ಸೂತ್ರ ಸುಳ್ಳಾಗಿರಲಿಲ್ಲ, ಯಾರಿಗೆ ಯಾರು ಎನ್ನುವುದಷ್ಟೇ ತಿರುಗಾಮುರುಗಾ ಆಗಿತ್ತು. ನಾನು ಅವರ ಒದ್ದೆ ಕೈಯನ್ನು ಹಿಡಿದುಕೊಂಡು, ನನಗೆ ಬರುವ ತಮಿಳಿನಲ್ಲೇ, "ಲೂಸಾ ನೀ?" ಎಂದೆ. ಹುಚ್ಚೇನೇ ನಿನಗೆ ಅಂತ. ಮೊಮ್ಮಗಳು ತಲೆಯ ಮೇಲೆ ಕೈ ಹೊತ್ತುಕೊಂಡಳು. ಪಾಟಿಗೆ ಮತ್ತೊಂದು ಸುತ್ತು ನಗು.

ಅಷ್ಟರಲ್ಲಿ ಹುಡುಗ ಬಂದ. ಮುಖ ಬಾಡಿತ್ತು, ಮಧ್ಯಾಹ್ನದ ಫೋನು ಅವನನ್ನೂ ಹಿಂಡಿರಬೇಕು. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಎಲೆಯ ಮುಂದೆ ಕೂತೆವು. ಕೂತರು ಎನ್ನಬೇಕು, ನಾನು ಸೌಟು ಹಿಡಿದು ಬಡಿಸಲು ನಿಂತಿದ್ದೆ. ಕಡುಬು, ಬದನೆಕಾಯಿ ಎಣ್ಣೆಗಾಯಿ, ಅನ್ನ, ಸಾಂಬಾರು, ಹೆಸರುಬೇಳೆ ಪಾಯಸ. ಪಾಟಿ ಸಾಂಬಾರನ್ನು ಬೆರಳ ತುದಿಯಲ್ಲಿ ನೆಕ್ಕಿ, "ಇಲ್ಲೂ ಪಾಯಸ!" ಎಂದು ಕೂಗಿದರು. ಸೊಸೆ ನಾಲಿಗೆ ಕಚ್ಚಿಕೊಂಡಳು. "ಕೈ ತಾನಾಗೇ ಬೆಲ್ಲದ ಡಬ್ಬಿಗೆ ಹೋಗ್ಬಿಡ್ತು ಅತ್ತೆ!"

ನಗು ಇಳಿದ ಮೇಲೆ ಹುಡುಗ, ತಲೆ ಎತ್ತದೆ, ಅನ್ನದಲ್ಲಿ ಗುಳಿ ಮಾಡುತ್ತಾ, ಊರು ಹೇಗಿತ್ತು ಎಂದು ಪಾಟಿಯನ್ನು ಕೇಳಿದ. ಕೇಳಿದ್ದು ಊರನ್ನಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ಮೊಮ್ಮಗಳ ಕೈ ಎಲೆಯ ಮೇಲೆ ನಿಂತುಹೋಗಿತ್ತು. ಪಾಟಿ ಕಡುಬು ಮುರಿದರು, ತುಪ್ಪ ಹಚ್ಚಿದರು, ಬಾಯಿಗಿಟ್ಟು ನಿಧಾನವಾಗಿ ಅಗಿದರು.

"ಊರು ಪರವಾಯಿಲ್ಲೆ" ಎಂದರು. ಅದು ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ. ಆಮೇಲೆ ಎಡಗೈಯಿಂದ ಮೊಮ್ಮಗಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು, "ಪೊಣ್ಣು ಪಿಡಿಚ್ಚಿರುಕ್ಕು" ಎಂದರು.

ಯಾರೂ ಬಾಯಿ ಬಿಡುವ ಮೊದಲೇ ನಮ್ಮನೆಯವರು ಎಲೆಯ ಮುಂದಿನಿಂದ ಅರ್ಧ ಎದ್ದರು. "ಪ ತೆಗಿ, ಹ ಹಾಕು! ಹೆಣ್ಣು ಹಿಡಿಸಿದೆ! ಹೆಣ್ಣು ಹಿಡಿಸಿದೆಯಂತೆ ಕಣೇ!"

ಮೊಮ್ಮಗಳು ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡಳು. ಅಳುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದವಳು! ಹುಡುಗ ಪಾಯಸವನ್ನು ಸಾಂಬಾರಿಗೆ ಕಲಸಿಕೊಂಡು ಉಣ್ಣುತ್ತಿದ್ದ, ಅವನಿಗದು ಗೊತ್ತೇ ಆಗಲಿಲ್ಲ. ನನಗೆ ಕಣ್ಣು ಮಂಜಾಗಿ, ಸೌಟಿನಲ್ಲಿದ್ದ ಸಾಂಬಾರನ್ನು ಯಾರ ಎಲೆಗೆ ಹಾಕುವುದೆಂದು ಕಾಣದೆ ನಿಂತೆ. ಪಾಟಿ ನನ್ನ ಸೆರಗನ್ನು ಹಿಡಿದು ಕೆಳಕ್ಕೆ ಎಳೆದರು. ತಮ್ಮ ಎಲೆಯ ಪಕ್ಕ ಒಂದು ಖಾಲಿ ಎಲೆಯನ್ನು ಸರಿಸಿ, ಅದರ ಮೇಲೆ ತಮ್ಮ ಕೈಯಿಂದಲೇ ಒಂದು ಕಡುಬು ಇಟ್ಟರು.

"ಏಯ್, ನೀ ಉಕ್ಕಾರು" ಎಂದರು. "ಸುಮ್ಮ ಸಾಪ್ಡು!"

ಸೊಸೆ ನನ್ನ ಕೈಯಿಂದ ಸೌಟು ತೆಗೆದುಕೊಂಡಳು. ಬೀಗರು ಬಂದ ಮನೆಯಲ್ಲಿ, ಎಲ್ಲರ ಜೊತೆ ಮೊದಲ ಪಂಕ್ತಿಯಲ್ಲಿ ಕೂತು, ನಾನೂ ಉಂಡೆ.